ಹಗ್ಗ ಕಟ್ಟಿದ ಫ್ರಿಜ್ಜು

ಫ್ರಿಜ್ಜಿನ ಬಾಗಿಲು ಹಾಕಿದರೂ ಹಾಕಿಲ್ಲವೆಂದು ತೋರಿಸುತ್ತಿದೆ, ಬಂದು ನೋಡಿ ಎಂದು ಯಾರಾದರೂ ಕರೆದರೆ ನಾನು ಮೊದಲು ಫ್ರಿಜ್ ನೋಡುವುದಿಲ್ಲ. ಬೀದಿಯಲ್ಲೇ ನಿಂತು ಆ ಮನೆಯ ಮುಂಬಾಗಿಲು ನೋಡುತ್ತೇನೆ. ಅದು ಸರಿಯಾಗಿ ಹಾಕಿಕೊಂಡಿದ್ದರೆ ಚೀಲ ಹಿಡಿದು ಒಳಗೆ ಹೋಗುತ್ತೇನೆ. ರಬ್ಬರು ಒರೆಸಬೇಕೋ, ಕಾಲಿನ ಕೆಳಗೆ ಚಕ್ಕೆ ಕೊಡಬೇಕೋ, ಸ್ವಿಚ್ಚು ಬದಲಾಯಿಸಬೇಕೋ, ಅರ್ಧ ಗಂಟೆಯ ಕೆಲಸ. ಮುಂಬಾಗಿಲಿಗೆ ಹಗ್ಗ ಕಟ್ಟಿದ್ದರೆ ಮಾತ್ರ ಚಪ್ಪಲಿ ಬಿಡುವಾಗಲೇ ದನಿ ತಗ್ಗಿಸುತ್ತೇನೆ. ಯಾರು ಹೋದರು ಎಂದು ಕೇಳುವುದಿಲ್ಲ. ನೀರು ಕೊಟ್ಟರೆ ಕುಡಿದು, ಇದು ನನ್ನ ಕೈಯಲ್ಲಾಗುವ ರಿಪೇರಿಯಲ್ಲ ಎಂದು ಹೇಳಿ ಎದ್ದು ಬರುತ್ತೇನೆ. ಇಪ್ಪತ್ತಾರು ವರ್ಷ ಹೀಗೇ ಮಾಡಿಕೊಂಡು ಬಂದವನು ಒಂದೇ ಒಂದು ಮನೆಯಲ್ಲಿ ಎದ್ದು ಬರಲಿಲ್ಲ. ಆವತ್ತು ಎದ್ದು ಬಂದಿದ್ದರೆ ಇವತ್ತು ಇದನ್ನು ಹೇಳುವ ಕರ್ಮ ಇರುತ್ತಿರಲಿಲ್ಲ.

ನಮ್ಮೂರಿನಲ್ಲಿ ಯಾರಾದರೂ ಮುನಿಸಿಕೊಂಡು ಮನೆ ಬಿಟ್ಟು ಹೋದರೆ ಆ ಮನೆಯ ಒಂದು ಬಾಗಿಲೂ ಮುಚ್ಚುವುದಿಲ್ಲ. ಎಷ್ಟು ಒತ್ತಿ ಹಾಕಿದರೂ ಎರಡು ಬೆರಳಿನಷ್ಟು ಹಿಂದಕ್ಕೆ ಬಂದು ನಿಲ್ಲುತ್ತದೆ. ಮುಂಬಾಗಿಲು, ಬಚ್ಚಲ ಬಾಗಿಲು, ಬೀರು, ದೇವರ ಗೂಡು, ಎಲ್ಲವೂ ಅಷ್ಟೆ. ಕಿಟಕಿಗಳಿಗೆ ಮಾತ್ರ ಈ ಕಾಯಿಲೆ ಇಲ್ಲ, ಯಾಕೆಂದು ಯಾರೂ ಕೇಳಿಲ್ಲ. ಹೋದವರು ವಾಪಸು ಬಂದು ಹೊಸಿಲು ದಾಟಿದರೆ ಬಾಗಿಲುಗಳು ಮೊದಲಿನಂತೆ ಆಗುತ್ತವೆ. ಬಾರದೆ ಎಲ್ಲೋ ತೀರಿಕೊಂಡರೆ ಅದೇ ಗಳಿಗೆಯಲ್ಲಿ ಮನೆಯ ಬಾಗಿಲುಗಳೆಲ್ಲ ಒಟ್ಟಿಗೆ ದಡಾರನೆ ಮುಚ್ಚಿಕೊಳ್ಳುತ್ತವೆ. ಆ ಸದ್ದು ಕೇಳಿದ ಬೀದಿಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಜಗಲಿಯ ಮೇಲೆ ಕೂರುತ್ತಾರೆ. ಪೊಲೀಸರಿಂದಲೋ ಆಸ್ಪತ್ರೆಯಿಂದಲೋ ಸುದ್ದಿ ಬರುವುದು ಆಮೇಲೆ, ಎಷ್ಟೋ ಸಲ ಬರುವುದೇ ಇಲ್ಲ.

ಹಾಗಾಗಿ ನಮ್ಮಲ್ಲಿ ಜಗಳವನ್ನು ಹೊಸಿಲೊಳಗೇ ಮುಗಿಸಿಕೊಳ್ಳಬೇಕು. ಗಂಡ ಹೆಂಡತಿ ಪಾತ್ರೆ ಎಸೆದಾಡಿಕೊಂಡರೂ ಹಾಲು ತರಲು ಹೊರಡುವ ಮುಂಚೆ ಒಂದು ಮಾತು ರಾಜಿಯಾಗುತ್ತಾರೆ, ಹಾಲು ತಂದಿಟ್ಟ ಮೇಲೆ ಜಗಳ ಮುಂದುವರಿಸುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಚೀಲವಿಲ್ಲದೆ ನಿಂತವನನ್ನು ಕಂಡಕ್ಟರು "ಮನೇಲಿ ಹೇಳಿ ಬಂದ್ಯೇನಪ್ಪಾ?" ಎಂದು ಕೇಳಿಯೇ ಹತ್ತಿಸಿಕೊಳ್ಳುತ್ತಾನೆ. ಮಾವನ ಮನೆಯಲ್ಲಿ ಕಾಫಿ ಸರಿಯಿಲ್ಲವೆಂದು ಎದ್ದು ಹೋದ ಅಳಿಯನೊಬ್ಬ, ಬಚ್ಚಲ ಬಾಗಿಲು ಹಾಕಲಾಗದೆ ಮನೆಮಂದಿಯೆಲ್ಲ ಪರದಾಡುತ್ತಿದ್ದಾರೆಂದು ಕೇಳಿ ನಾಚಿಕೊಂಡು ಮಧ್ಯಾಹ್ನದ ಊಟಕ್ಕೆ ವಾಪಸು ಬಂದದ್ದನ್ನು ಈಗಲೂ ಹೇಳಿಕೊಂಡು ನಗುತ್ತೇವೆ.

ವಾರವಾದರೂ ಬಾರದಿದ್ದರೆ ನಗು ನಿಲ್ಲುತ್ತದೆ. ತಿಂಗಳಾದರೆ ಮನೆಯವರು ಬಡಗಿಯನ್ನು ಕರೆಸಿ ಬಾಗಿಲುಗಳನ್ನೆಲ್ಲ ಬಿಚ್ಚಿಸಿಬಿಡುತ್ತಾರೆ. ಕಳ್ಳರ ಭಯಕ್ಕಿಂತ ಆ ದಡಾರ್ ಸದ್ದಿನ ಭಯ ದೊಡ್ಡದು. ಉಣ್ಣುವಾಗ, ಮಲಗಿದಾಗ, ಗಾಳಿ ಬೀಸಿದಾಗಲೆಲ್ಲ ಈಗ ಆಯಿತು, ಈಗ ಆಯಿತು ಎಂದು ಎದೆ ಹಿಡಿದುಕೊಂಡು ಎಷ್ಟು ದಿನ ಕೂರಲಾದೀತು? ಚೌಕಟ್ಟಿನಿಂದ ಬಿಚ್ಚಿಟ್ಟ ಬಾಗಿಲಿಗೆ ಏನೂ ಗೊತ್ತಾಗುವುದಿಲ್ಲ. ನಮ್ಮ ಬಡಗಿಯ ಕೊಟ್ಟಿಗೆಯಲ್ಲಿ ಅಂಥ ಬಾಗಿಲುಗಳು ಮೇಲಿಂದ ಮೇಲೆ ಒರಗಿಸಿಟ್ಟಿವೆ, ಕೆಲವಕ್ಕೆ ಹಳೆಯ ಹಬ್ಬದ ತೋರಣದ ದಾರ ಇನ್ನೂ ನೇತಾಡುತ್ತಿದೆ. ಹಳೇ ಕಾಲಕ್ಕೆ ಅಷ್ಟು ಸಾಕಿತ್ತು. ಈಗ ಮನೆಮನೆಗೂ ಫ್ರಿಜ್ ಬಂದಿದೆ. ಬಾಗಿಲು ಬಿಚ್ಚಿಟ್ಟರೆ ಅದು ಫ್ರಿಜ್ಜೇ ಅಲ್ಲವಲ್ಲ.

ದಾಕ್ಷಾಯಿಣಿಯ ಮನೆಗೆ ನಾನು ಹೋದದ್ದು ಯುಗಾದಿ ಕಳೆದ ವಾರ. ಮುಂಬಾಗಿಲಿನ ಜಾಗದಲ್ಲಿ ಒಂದು ಹಳೆಯ ಹಸಿರು ಸೀರೆ ಇಳಿಬಿಟ್ಟಿದ್ದರು. ಅಷ್ಟು ಕಂಡ ಮೇಲೆ ನನಗೆ ಬೇರೆ ಏನೂ ಬೇಕಿರಲಿಲ್ಲ, ನೀರು ಕುಡಿದು ಹೊರಡುವುದೇ ಎಂದುಕೊಂಡು ಒಳಗೆ ಕಾಲಿಟ್ಟೆ. ಮೂವತ್ತೆರಡು ಮೂವತ್ಮೂರರ ಹೆಂಗಸು ಅವಳು, ಹಪ್ಪಳದ ಕೇಂದ್ರದಿಂದ ಆಗಷ್ಟೇ ಬಂದವಳು, ಕೈಗೆ ಉದ್ದಿನ ಹಿಟ್ಟು ಅಂಟಿಕೊಂಡಿತ್ತು. ನಡುಮನೆಯಲ್ಲಿ ಅವಳ ಅತ್ತೆ ಸಿದ್ದಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಪಕ್ಕದಲ್ಲಿ ಒದ್ದೆ ಗೋಣಿ ಸುತ್ತಿದ ಮಡಕೆ, ಮಡಕೆಯೊಳಗೆ ಒಂದು ಸ್ಟೀಲು ಲೋಟ, ಲೋಟದಲ್ಲಿ ಎರಡು ಇನ್ಸುಲಿನ್ ಬಾಟಲಿ.

ಫ್ರಿಜ್ಜಿನ ಬಾಗಿಲಿನ ಮೇಲೆ ಸಣ್ಣ ಗಾಜಿನ ಪಟ್ಟಿಯಿತ್ತು. ಅದರಲ್ಲಿ ಕೆಂಪಗೆ ಇ-ನಾಲ್ಕು ಎಂದು ಬರುತ್ತಿತ್ತು. ಈ ಕಂಪನಿಯ ಫ್ರಿಜ್ಜುಗಳಲ್ಲಿ ಬಾಗಿಲು ತೆರೆದಿದೆ ಎಂಬುದಕ್ಕೆ ಅದೇ ಗುರುತು. ಈ ಗುರುತು ಬಂದರೆ ಒಳಗಿನ ಫ್ಯಾನು ನಿಂತುಬಿಡುತ್ತದೆ, ಮೇಲೆ ಮಂಜುಗಡ್ಡೆ ಕಟ್ಟಿದರೂ ಕೆಳಗಿನ ಖಾನೆಗಳಿಗೆ ತಂಪು ಇಳಿಯುವುದಿಲ್ಲ. ಬಾಗಿಲಿಗೆ ಅಡ್ಡಡ್ಡ ತೆಂಗಿನ ನಾರಿನ ಹಗ್ಗ ಸುತ್ತಿ, ಸಂದಿಗೆ ಬಟ್ಟೆ ತುರುಕಿದ್ದರು. ಆದರೂ ಇ-ನಾಲ್ಕು ಹೋಗಿರಲಿಲ್ಲ.

"ಇದು ನನ್ನ ಕೈಯಲ್ಲಾಗೋ ರಿಪೇರಿ ಅಲ್ಲಮ್ಮ," ಎಂದೆ ರೂಢಿಯಂತೆ.

"ಗೊತ್ತು ಪಾಲಾಕ್ಷಣ್ಣ," ಎಂದಳು ದಾಕ್ಷಾಯಿಣಿ. "ಬಾಗಿಲು ಹಾಕಿಸಿ ಅಂತ ನಾನು ಕೇಳ್ತಾ ಇಲ್ಲ. ತಂಪು ಬರೋ ಹಾಗೆ ಮಾಡಿ ಸಾಕು. ಈ ಬಿಸಿಲಿಗೆ ಆಗಲೇ ಎರಡು ಬಾಟಲಿ ಕೆಟ್ಟೋಯ್ತು. ಸೂಜಿ ಚುಚ್ಚಿಕೊಂಡರೂ ಅತ್ತೆಗೆ ಶುಗರ್ ಇಳೀತಿಲ್ಲ. ಕಾಲು ನೋಡಿ ಹೆಂಗಾಗಿದೆ. ಡಾಕ್ಟ್ರು ಬೆರಳು ತೆಗೀಬೇಕಾಗತ್ತೆ ಅಂತಿದಾರೆ."

"ತೆಗೆದ್ರೆ ತೆಗೀಲಿ ಬಿಡೇ," ಎಂದರು ಸಿದ್ದಮ್ಮ. "ಬೆರಳಿಟ್ಕೊಂಡು ನಾನೇನು ಕುಣೀಬೇಕಾ?"

ಹೋದವನು ಸಿದ್ದಮ್ಮನ ಒಬ್ಬನೇ ಮಗ ಚನ್ನವೀರ. ಲಾರಿ ತೂಕ ಹಾಕುವ ಕಡೆ ಕೆಲಸಕ್ಕಿದ್ದವನು. ನಾನು ಕೇಳದಿದ್ದರೂ ಸಿದ್ದಮ್ಮನೇ ಹೇಳಿದರು. ಶಿವರಾತ್ರಿಗೆ ನಾಲ್ಕು ದಿನ ಇತ್ತಂತೆ. ತಾಯಿಗೆ ಇನ್ಸುಲಿನ್ ತಂದವನು ಹೆಚ್ಚು ತಂಪಿರಲಿ ಎಂದು ಬಾಟಲಿಗಳನ್ನು ಮಂಜುಗಡ್ಡೆಯ ಖಾನೆಯಲ್ಲಿಟ್ಟ. ಹೆಪ್ಪುಗಟ್ಟಿದರೆ ಆ ಔಷಧಿ ಕೆಲಸಕ್ಕೆ ಬರುವುದಿಲ್ಲ. ಮಾರನೇ ದಿನ ಊಟಕ್ಕೆ ಕೂತಾಗ ಹೆಂಡತಿ, ಇಷ್ಟೂ ಗೊತ್ತಾಗಲ್ವಾ ನಿಮಗೆ ಎಂದಳು. ತಾಯಿ ಅಲ್ಲಿಗೆ ಬಿಡಲಿಲ್ಲ.

"ಒಂದು ಬಾಟಲಿ ಇಡೋಕೂ ಬಾರದವನು ಗಂಡಸಾ ಅಂದೆ," ಎಂದರು ಸಿದ್ದಮ್ಮ. "ಅವನು ಎದುರು ಮಾತಾಡಿದ. ನನಗೂ ಸಿಟ್ಟು ಬಂತು. ಇನ್ನೊಂದು ಸಲ ಈ ಮನೆ ಹೊಸಿಲು ತುಳೀಬೇಡ ಅಂದೆ. ಎಂಜಲು ಕೈ ತೊಳೀದೆ ಎದ್ದು ಹೋದ ಕಣಪ್ಪ. ತಟ್ಟೇಲಿ ಸಾರನ್ನ ಹಂಗೇ ಇತ್ತು."

ನನಗೆ ಎದ್ದು ಹೊರಡಲು ಆಗಲಿಲ್ಲ. ಕರುಣೆ ಎಂದು ಹೇಳಿದರೆ ಚೆನ್ನಾಗಿರುತ್ತದೆ, ಆದರೆ ಅರ್ಧ ಅದು ನನ್ನ ಕೈಚಳಕದ ಕೊಬ್ಬು. ಫ್ಯಾನಿಗೆ ಬೇರೆ ದಾರಿಯಿಂದ ಕರೆಂಟು ಕೊಟ್ಟರೆ ಬಾಗಿಲು ಏನೇ ಹೇಳಲಿ, ಅದು ತಿರುಗುತ್ತದೆ. ಇಷ್ಟು ವರ್ಷ ನನಗೆ ಇದು ಯಾಕೆ ಹೊಳೆಯಲಿಲ್ಲ ಎಂದುಕೊಂಡು ಹಿಗ್ಗಿನಿಂದ ಚೀಲ ಬಿಚ್ಚಿದೆ. ಮೇಲಿನ ಮುಚ್ಚಳದ ಸ್ಕ್ರೂ ತೆಗೆಯುತ್ತಿದ್ದಾಗ ದಾಕ್ಷಾಯಿಣಿ ಹತ್ತಿರ ಬಂದು ನಿಂತಳು.

"ಅಣ್ಣಾ, ಒಂದು ಮಾತು. ಏನು ಮಾಡಿದ್ರೂ ಆ ಕೆಂಪು ದೀಪ ಮಾತ್ರ ತೆಗೀಬೇಡಿ."

ನಾನು ಅವಳ ಮುಖ ನೋಡಿದೆ.

"ಬಾಗಿಲೆಲ್ಲ ಬಿಚ್ಚಿಸಿದೀವಿ. ಈ ಮನೇಲಿ ಇನ್ನು ಇರೋದು ಅದೊಂದೇ. ಅದು ಉರೀತಿದ್ರೆ ಅವರು ಎಲ್ಲೋ ಒಂದು ಕಡೆ ಇದಾರೆ ಅಂತ. ಬೆಳಿಗ್ಗೆ ಎದ್ದು ಅದನ್ನ ನೋಡಿದ ಮೇಲೇನೇ ನಾನು ಮುಖ ತೊಳೆಯೋದು."

ಆಯಿತು ಎಂದೆ. ಸ್ವಿಚ್ಚಿನಿಂದ ಬರುವ ಎರಡು ಸಣ್ಣ ತಂತಿಗಳೂ ಫ್ಯಾನಿನ ತಂತಿಗಳೂ ಒಂದೇ ಕಟ್ಟಿನಲ್ಲಿ ಇರುತ್ತವೆ. ಸ್ವಿಚ್ಚಿನ ಆ ಎರಡು ತಂತಿ ಕೂಡಿದ್ದರೆ ಬಾಗಿಲು ಹಾಕಿದೆ ಎಂದರ್ಥ, ಬಿಟ್ಟಿದ್ದರೆ ತೆರೆದಿದೆ ಎಂದರ್ಥ, ಫ್ರಿಜ್ಜಿಗೆ ಗೊತ್ತಿರುವುದು ಅಷ್ಟೇ. ನಾನು ಅವುಗಳ ಮೇಲಿನ ಪ್ಲಾಸ್ಟಿಕ್ಕು ಸುಲಿದು ನೋಡುತ್ತಿದ್ದಾಗ ಸ್ಕ್ರೂಡ್ರೈವರಿನ ತುದಿ ಎರಡಕ್ಕೂ ಒಟ್ಟಿಗೆ ತಾಗಿತು. ದೀಪ ಆರಿತು. ದಾಕ್ಷಾಯಿಣಿ ಕಿರುಚಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಕೈ ಹಿಂದೆ ತೆಗೆದೆ, ದೀಪ ಬಂತು. "ಏನಿಲ್ಲಮ್ಮ, ನನ್ನ ಕೈ ತಾಗಿದ್ದು" ಎಂದು ಸಮಾಧಾನ ಹೇಳಿದೆ. ಇನ್ನೊಂದು ಗಳಿಗೆಗೆ ಮತ್ತೆ ತಾಗಿತು. ಈ ಸಲ ಅವಳು ಕೂಗಲಿಲ್ಲ. ನೆಲಕ್ಕೆ ಕುಸಿದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸಿದ್ದಮ್ಮ ಕೂತಲ್ಲಿಂದಲೇ ತೆವಳಿಕೊಂಡು ಬಂದು ಅವಳ ಬೆನ್ನು ಹಿಡಿದುಕೊಂಡರು.

ಮೂರನೇ ಸಲ ಹಾಗಾಗುವುದು ಬೇಡವೆಂದು ಕಟಿಂಗ್ ಪ್ಲೇಯರ್ ತೆಗೆದುಕೊಂಡು ಸ್ವಿಚ್ಚಿನ ತಂತಿಯನ್ನು ಕತ್ತರಿಸಿಬಿಟ್ಟೆ. ಎರಡು ತುದಿಗೂ ಬೇರೆ ಬೇರೆ ಟೇಪು ಸುತ್ತಿದೆ. ದೀಪ ಒಂದಿಷ್ಟೂ ಮಿಣುಕದೆ ಉರಿಯಿತು. ಫ್ಯಾನಿಗೆ ಬೇರೆ ಕರೆಂಟು ಕೊಟ್ಟೆ, ತಿರುಗಿತು. ಅರ್ಧ ಗಂಟೆಯಲ್ಲಿ ಕೆಳಗಿನ ಖಾನೆಯ ಗಾಜಿನ ಮೇಲೆ ಬೆವರು ಕೂತಿತು. ದಾಕ್ಷಾಯಿಣಿ ಮಡಕೆಯಲ್ಲಿದ್ದ ಬಾಟಲಿಗಳನ್ನು ತಂದು ಒಳಗಿಟ್ಟಳು. ಸಿದ್ದಮ್ಮ, "ನಿನ್ನ ಕೈ ತಣ್ಣಗಿರಲಿ ಕಣಪ್ಪಾ" ಎಂದು ಹರಸಿದರು. ಅವಲಕ್ಕಿ ಮಾಡಿ ಕೊಟ್ಟರು, ತಿಂದು ಬಂದೆ.

ಮನೆಗೆ ಬಂದು ಬಚ್ಚಲಲ್ಲಿ ಕೈ ತೊಳೆಯುವಾಗ ನನಗೆ ಅರ್ಥವಾಯಿತು. ಸೋಪು ಹಚ್ಚಿದ ಕೈ ಹಾಗೇ ನಿಂತಿತು. ಆ ತಂತಿ ಕತ್ತರಿಸಿದ ಮೇಲೆ ಆ ದೀಪಕ್ಕೆ ಬಾಗಿಲಿನ ಸುದ್ದಿಯೇ ತಲುಪುವುದಿಲ್ಲ. ಚನ್ನವೀರ ಬಂದರೂ ಅದು ಉರಿಯುತ್ತದೆ. ಸತ್ತರೂ ಉರಿಯುತ್ತದೆ. ಫ್ರಿಜ್ ಕೆಟ್ಟು ಗುಜರಿಗೆ ಹೋಗುವವರೆಗೂ ಉರಿಯುತ್ತಲೇ ಇರುತ್ತದೆ. ಅವಳು ಬೆಳಿಗ್ಗೆ ಎದ್ದು ಗಂಡನ ಜೀವ ಎಂದು ನೋಡುವುದು ನನ್ನ ಎರಡು ತುಂಡು ಟೇಪನ್ನು.

ನಾಳೆಯೇ ಹೋಗಿ ಕೂಡಿಸಿಬಿಡಬೇಕು ಎಂದುಕೊಂಡೆ. ಹತ್ತು ನಿಮಿಷದ ಕೆಲಸ. ಆದರೆ ಹೋದರೆ ಏನೆಂದು ಹೇಳಬೇಕು? ನಿನ್ನೆಯಿಂದ ನೀನು ನೋಡಿದ್ದು ಸುಳ್ಳು ದೀಪ ಎಂದೇ? ಬೇಸಿಗೆಯ ಕೆಲಸ ಮೈಮೇಲೆ ಬಿದ್ದಿತ್ತು, ಮದುವೆ ಮನೆಗಳು, ಐಸ್ಕ್ರೀಮ್ ಅಂಗಡಿಗಳು. ಈ ವಾರ ಬೇಡ, ಮುಂದಿನ ವಾರ ಎಂದು ತಳ್ಳಿದೆ. ತಳ್ಳಿದಷ್ಟೂ ಇನ್ನೊಂದು ಭಯ ಸೇರಿಕೊಂಡಿತು. ಅವಳ ಕಣ್ಣೆದುರಿಗೆ ತಂತಿ ಕೂಡಿಸಿದಾಗ ದೀಪ ಆರಿಬಿಟ್ಟರೆ? ಆ ಕೂಗು ಮತ್ತೆ ಕೇಳುವ ಧೈರ್ಯ ನನಗಿರಲಿಲ್ಲ. ಹೇಡಿ ಎನ್ನಬೇಕೆಂದಿದ್ದರೆ ಎನ್ನಿ, ನಾನೇ ಅಂದುಕೊಂಡಿದ್ದೇನೆ.

ಬೇಸಿಗೆ ಹೋಗಿ ಮಳೆಗಾಲ ಬಂತು. ಮಳೆಗಾಲವೂ ಹೋಯಿತು. ದೀಪಾವಳಿಯ ಹಿಂದಿನ ದಿನ ಸಂತೆಯಲ್ಲಿ ದಾಕ್ಷಾಯಿಣಿ ಸಿಕ್ಕಳು. ಹೊಸ ಲುಂಗಿಯೊಂದನ್ನು ಕೊಂಡು ಮಡಚಿ ಚೀಲದಲ್ಲಿಟ್ಟುಕೊಳ್ಳುತ್ತಿದ್ದಳು.

"ನಿಮ್ಮ ಪುಣ್ಯ ಪಾಲಾಕ್ಷಣ್ಣ," ಎಂದಳು. "ಅತ್ತೆ ಕಾಲು ವಾಸಿಯಾಯ್ತು. ದೀಪಾನೂ ಜೋರಾಗಿ ಉರೀತಿದೆ. ಹಬ್ಬಕ್ಕಾದ್ರೂ ಬರ್ತಾರೇನೋ ಅಂತ ಇದನ್ನ ತಗೊಂಡೆ. ಅವರಿಗೆ ಚೌಕಳಿದ್ದೇ ಆಗಬೇಕು."

ಮಾರನೇ ವಾರ ಅವಳು ಹಪ್ಪಳದ ಕೇಂದ್ರಕ್ಕೆ ಹೋಗಿರುವ ಹೊತ್ತು ನೋಡಿಕೊಂಡು ಅವರ ಮನೆಗೆ ಹೋದೆ. ಸಿದ್ದಮ್ಮ ಒಬ್ಬರೇ ಇದ್ದರು. ಸುಮ್ಮನೆ ಒಂದು ಸಲ ನೋಡಿಹೋಗೋಣ ಅಂತ ಬಂದೆ ಎಂದೆ. ಅವರು ಕೂತಲ್ಲಿಂದ ನನ್ನ ಕೈಯನ್ನೇ ನೋಡುತ್ತಿದ್ದರು.

ಹಗ್ಗದ ಗಂಟು ಬಿಚ್ಚಿದೆ. ಬಾಗಿಲು ತಾನಾಗಿ ತೆರೆದುಕೊಳ್ಳಬೇಕಿತ್ತು, ತೆರೆದುಕೊಳ್ಳಲಿಲ್ಲ. ಹಿಡಿದು ಎಳೆದಾಗ ರಬ್ಬರು ಅಂಟಿಕೊಂಡಿದ್ದದ್ದು ಬಿಟ್ಟು ಬಂತು. ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ ಬಿಟ್ಟೆ. ಕೊನೆಯ ನಾಲ್ಕು ಬೆರಳು ಇರುವಾಗ ಅದು ನನ್ನ ಕೈಯಿಂದ ಬಿಡಿಸಿಕೊಂಡು, ಇಡೀ ಊರಿನಲ್ಲಿ ಸುಖವಾಗಿರುವ ಮನೆಗಳ ಫ್ರಿಜ್ಜು ಹೇಗೆ ಹಾಕಿಕೊಳ್ಳುತ್ತದೋ ಹಾಗೆ, ಟಪ್ ಎಂದು ಹಾಕಿಕೊಂಡಿತು. ಮೇಲೆ ಇ-ನಾಲ್ಕು ಕೆಂಪಗೆ ಉರಿಯುತ್ತಿತ್ತು.

"ಶ್ರಾವಣದ ಎರಡನೇ ಸೋಮವಾರ," ಎಂದರು ಸಿದ್ದಮ್ಮ. "ಮಧ್ಯಾಹ್ನ. ಸೂಜಿ ಹಾಕ್ಕೊಳ್ಳೋಣ ಅಂತ ಬಾಟಲಿ ತೆಗೆದೆ. ಬಾಗಿಲು ನನ್ನ ಕೈಯಿಂದ ಕಿತ್ಕೊಂಡು ಹಾಕ್ಕೊಳ್ತು. ಸಣ್ಣವನಿದ್ದಾಗ ಅವನು ಹಿಂಗೇ ಮಾಡೋನು. ನನ್ನ ಕೈಯಾಗಿರೋದನ್ನ ಕಿತ್ಕೊಂಡು ಓಡೋನು."

ನಾನು ನೆಲದ ಮೇಲೆ ಕೂತುಬಿಟ್ಟೆ.

"ಮೇಲೆ ನೋಡ್ತೀನಿ, ನಿನ್ನ ದೀಪ ಉರೀತಾನೇ ಐತೆ. ಆಗ ಗೊತ್ತಾಯ್ತು ನೀನೇನೋ ಮಾಡಿದೀಯ ಅಂತ."

"ಬೇಕೂಂತ ಮಾಡಿದ್ದಲ್ಲವ್ವಾ," ಎಂದೆ. ತಂತಿ ಕತ್ತರಿಸಿದ್ದು, ಆಮೇಲೆ ಹೊಳೆದದ್ದು, ಹೆದರಿ ಬಾರದೆ ಉಳಿದದ್ದು ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, "ಹೋದವರ ಮುನಿಸು ಇಳಿದ್ರೂ ಬಾಗಿಲು ಹಾಕ್ಕೊಳ್ತವೆ ಅಂತ ಕೆಲವರು ಹೇಳ್ತಾರೆ," ಎಂದೆ. ಹಾಗೆ ಹೇಳುವವರಿದ್ದಾರೆ. ಸಾವಿನ ಮನೆಯ ಜಗಲಿಯ ಮೇಲೆ ಕೂತವರು ಮಾತು ತೋಚದೆ ಹೇಳುವ ಮಾತು ಅದು.

"ಮುನಿಸು ಇಳಿದಿದ್ರೆ ಊಟಕ್ಕೆ ಬರ್ತಿದ್ದ," ಎಂದರು ಸಿದ್ದಮ್ಮ.

ಅವರು ಅಳಲಿಲ್ಲ. ಅಂದಿನಿಂದ ಸೊಸೆ ಕೆಲಸಕ್ಕೆ ಹೋದ ಮೇಲೆ ಅತ್ತು ಮುಗಿಸಿ, ಅವಳು ಬರುವ ಹೊತ್ತಿಗೆ ಮುಖ ತೊಳೆದುಕೊಂಡು ಕೂರುವುದು ರೂಢಿಯಾಗಿದೆ ಎಂದರು. ಆ ಸೋಮವಾರ ಒಬ್ಬರೇ ತಲೆ ಮೇಲೆ ತಣ್ಣೀರು ಸುರಿದುಕೊಂಡಿದ್ದರು. ದಾಕ್ಷಾಯಿಣಿ ಬಂದು, ಜ್ವರ ಬರತ್ತೆ ಅತ್ತೆ, ಈ ಮಳೇಲಿ ಯಾಕೆ ತಲೆಗೆ ನೀರು ಹಾಕ್ಕೊಂಡ್ರಿ ಎಂದು ಬೈದು ತಾನೇ ಕೂದಲು ಒರೆಸಿದ್ದಳಂತೆ. ದಿನಕ್ಕೆ ನಾಲ್ಕು ಸಲ ಫ್ರಿಜ್ ತೆಗೆಯಬೇಕಾಗುತ್ತದೆ. ಸೊಸೆ ತೆಗೆಯಲು ಬಂದರೆ, ನೀನು ಬಿಡು, ನಾನು ಕೊಡ್ತೀನಿ ಎಂದು ಸಿದ್ದಮ್ಮನೇ ಎದ್ದು, ಬೆನ್ನು ಅಡ್ಡ ಕೊಟ್ಟು ತೆಗೆದು, ಬೇಡದಿದ್ದರೂ ಮತ್ತೆ ಹಗ್ಗ ಸುತ್ತಿ ಕಟ್ಟುತ್ತಿದ್ದರು.

"ನಾನು ಸತ್ತರೆ ಈ ಹಗ್ಗ ಕಟ್ಟೋರು ಯಾರು ಅಂತ ಸೂಜಿ ಚುಚ್ಚಿಕೊಂಡು ಬದುಕಿದೀನಿ ಕಣಪ್ಪ," ಎಂದರು.

"ತಂತಿ ಕೂಡಿಸಿಬಿಡ್ಲಾ? ದಾಕ್ಷಾಯಿಣಿಗೆ ತಾನಾಗೇ ಗೊತ್ತಾಗ್ಲಿ," ಎಂದೆ.

ಸಿದ್ದಮ್ಮ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. "ಗೊತ್ತಾಗ್ಲೇಬೇಕು. ಇನ್ನೂ ವಯಸ್ಸಿರೋ ಹುಡುಗಿ. ಇಲ್ಲಿ ಕೂತು ಏನು ಮಾಡ್ತಾಳೆ? ಆದ್ರೆ ಹೊಸಿಲು ತುಳೀಬೇಡ ಅಂದ ಬಾಯಿ ಇದು. ಇದೇ ಬಾಯಲ್ಲಿ ಅವನು ಇಲ್ಲ ಅಂತ ಹೆಂಗೆ ಹೇಳ್ಲಿ? ಗೊತ್ತಾದ್ರೆ ಅವಳು ನನ್ನ ಮುಖ ನೋಡ್ತಾಳಾ? ಇವತ್ತು ಬೇಡ. ಬೇಡ ಹೋಗು."

ನಾನು ತಂತಿ ಮುಟ್ಟಲಿಲ್ಲ. ಬೇಡ ಎಂದರಲ್ಲ, ಇನ್ನು ಇದು ಅವರ ಪಾಡು, ನನ್ನದಲ್ಲ ಎಂದು ಒಳಗೊಳಗೇ ಹಗುರಾದದ್ದೂ ಸುಳ್ಳಲ್ಲ. ಹೊರಗೆ ಬಂದು ತಿರುಗಿ ನೋಡಿದರೆ ಹಸಿರು ಸೀರೆಯ ಹಿಂದೆ ಅವರು ಹಗ್ಗ ಸುತ್ತುತ್ತಿದ್ದದ್ದು ಮಸುಕಾಗಿ ಕಾಣುತ್ತಿತ್ತು.

ತಿಂಗಳಾದ ಮೇಲೆ ಸಿದ್ದಮ್ಮ ಪಕ್ಕದ ಮನೆಯವರ ಕೈಯಲ್ಲಿ ಹೇಳಿ ಕಳಿಸಿದರು. ಫ್ರಿಜ್ ಏನೋ ಸದ್ದು ಮಾಡುತ್ತಿದೆ, ಭಾನುವಾರ ಬೆಳಿಗ್ಗೆ ತಪ್ಪದೆ ಬರಬೇಕು, ಚೀಲ ತರಬೇಕು ಎಂದು. ಹೋದೆ. ಒಳಗೆ ದಾಕ್ಷಾಯಿಣಿಯ ಅಣ್ಣ ಷಡಕ್ಷರಿ ಕೂತಿದ್ದ. ದೂರದ ಊರಿನವನು, ಅಲ್ಲಿ ಬಾಗಿಲುಗಳು ಬರೀ ಬಾಗಿಲುಗಳು. ತಂಗಿಯನ್ನೂ ಅವಳ ಅತ್ತೆಯನ್ನೂ ಕರೆದುಕೊಂಡು ಹೋಗಲು ವ್ಯಾನು ಮಾಡಿಕೊಂಡು ಬಂದಿದ್ದ.

"ನೋಡಿ ಯಜಮಾನ್ರೆ, ನೀವಾದ್ರೂ ಹೇಳಿ," ಎಂದ ನನ್ನನ್ನು ಕಂಡವನೇ. "ಹತ್ತು ತಿಂಗಳಾಯ್ತು. ಸ್ಟೇಷನ್ನಿಗೆ ಹೋಗಿ ಬಂದೆ, ಅವರ ಸ್ನೇಹಿತರನ್ನೆಲ್ಲ ಕೇಳಿ ಬಂದೆ. ಒಂದು ಸುಳಿವಿಲ್ಲ. ಅಲ್ಲಿ ನಮ್ಮನೆ ಪಕ್ಕದಲ್ಲೇ ಮನೆ ನೋಡಿದೀನಿ. ಶಾಲೇಲಿ ಅಡುಗೆ ಕೆಲಸ ಮಾತಾಡಿದೀನಿ. ಇವಳತ್ತೇನೂ ಬರಲಿ ಅಂತಿದೀನಿ. ಇವಳು ಒಂದೇ ಹಟ ಹಿಡಿದಿದಾಳೆ."

"ಅವರು ಬಂದಾಗ ಮನೇಲಿ ಯಾರೂ ಇಲ್ಲದಿದ್ರೆ?" ಎಂದಳು ದಾಕ್ಷಾಯಿಣಿ. "ಮೊದಲೇ ಮುನಿಸಿಕೊಂಡು ಹೋದೋರು. ನಾವೂ ಮನೆ ಬಿಟ್ಟು ಹೋದ್ವಿ ಅಂತ ಗೊತ್ತಾದ್ರೆ ಇನ್ನೆಲ್ಲಿಗೆ ಹೋಗಬೇಕು ಅವರು?"

"ಬರ್ತಾರೆ ಅಂತ ನಿನಗೆ ಹೇಳಿದವರು ಯಾರು? ಒಂದು ಫ್ರಿಜ್ಜಾ?"

"ಹೌದು. ಅದೇ."

ಷಡಕ್ಷರಿ ತಲೆ ಚಚ್ಚಿಕೊಂಡ. ಎದ್ದು ಫ್ರಿಜ್ಜಿನ ಹತ್ತಿರ ಹೋಗಿ ಆ ಕೆಂಪು ಅಕ್ಷರಗಳನ್ನು ಬಗ್ಗಿ ನೋಡಿದ. ಹಗ್ಗದ ಮೇಲೆ ಕೈಯಿಟ್ಟ. ಸಿದ್ದಮ್ಮ ಫ್ರಿಜ್ಜಿನ ಪಕ್ಕದಲ್ಲೇ ಗೋಡೆ ಹಿಡಿದು ನಿಂತಿದ್ದರು, ತಡೆಯಲಿಲ್ಲ. ಅವನು ಹಗ್ಗ ಬಿಚ್ಚಲಿಲ್ಲ, ನನ್ನ ಕಡೆ ತಿರುಗಿದ.

"ನಿಮ್ಮೂರಿನ ರೀತಿ ನನಗೆ ಗೊತ್ತಿಲ್ಲ. ನಂಬೋದೂ ಇಲ್ಲ, ಬೈಯೋದೂ ಇಲ್ಲ. ನೀವು ಇದರ ಕೆಲಸ ಬಲ್ಲವರು. ನೀವು ಹೇಳಿದ್ರೆ ಕೇಳ್ತೀನಿ ಅಂತ ಇವಳೂ ಅಂದಿದಾಳೆ. ಈ ದೀಪ ನಿಜಾನಾ? ಅವರು ಬದುಕಿದಾರಾ?"

ಫ್ಯಾನಿನ ಸಣ್ಣ ಸದ್ದು ಕೇಳುತ್ತಿತ್ತು, ನಾನೇ ತಿರುಗಿಸಿದ ಫ್ಯಾನು. ಅದರಲ್ಲಿ ಯಾವ ದೋಷವೂ ಇರಲಿಲ್ಲ. ದಾಕ್ಷಾಯಿಣಿ ನನ್ನನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಒಂದಿಷ್ಟೂ ಇರಲಿಲ್ಲ, ಅದೇ ನನ್ನನ್ನು ಕೊಂದದ್ದು. ಹೌದೆನ್ನುತ್ತೇನೆಂದು ಅವಳಿಗೆ ಖಾತ್ರಿಯಿತ್ತು. ಸಿದ್ದಮ್ಮನೂ ನನ್ನನ್ನೇ ನೋಡುತ್ತಿದ್ದರು, ಕಣ್ಣು ಮಿಟುಕಿಸದೆ, ತುಟಿ ಬಿಗಿಹಿಡಿದು. ಬಾಯಿ ಬಿಡಬೇಡ ಎಂದು ಹೇಳುತ್ತಿದ್ದಾರೆ ಎಂದುಕೊಂಡೆ. ನಿಜ ಹೇಳಿದರೆ ಮೊದಲು ತಂತಿಯ ಮಾತು ಬರುತ್ತದೆ. ಎಂಟು ತಿಂಗಳು ಸುಳ್ಳು ದೀಪ ತೋರಿಸಿದವನು ನೀನು ಎಂದು ಅವಳು ನನ್ನನ್ನು ನೋಡುವ ನೋಟ ಹೇಗಿರುತ್ತದೆ ಎಂದು ಊಹಿಸಿಕೊಂಡೆ. ಅಷ್ಟು ಸಾಕಾಯಿತು.

"ನಿಜ," ಎಂದೆ. "ಬದುಕಿದಾರೆ."

"ಕೇಳಿದ್ಯಾ?" ಎಂದಳು ದಾಕ್ಷಾಯಿಣಿ ಅಣ್ಣನಿಗೆ. ಅವಳ ಮುಖ ಅರಳಿತು.

ಷಡಕ್ಷರಿ ಹೊರಡಲು ಸಿದ್ಧನಾದ. ಕಾಫಿಯನ್ನೂ ಕುಡಿಯಲಿಲ್ಲ. ಹೊರಡುವಾಗ ಹೊಸಿಲ ಮೇಲೆ ನಿಂತು, ನನಗೇನೂ ಮುನಿಸಿಲ್ಲ ಕಣೇ, ಯಾವಾಗ ಬೇಕಾದ್ರೂ ಹೇಳಿ ಕಳಿಸು ಎಂದು ತಂಗಿಯ ತಲೆ ಸವರಿದ. ನಮ್ಮೂರಿನ ರೀತಿಯನ್ನು ಅಷ್ಟರಮಟ್ಟಿಗೆ ಕಲಿತಿದ್ದ. ಖಾಲಿ ವ್ಯಾನು ಬೀದಿಯ ತಿರುವು ದಾಟಿ ಹೋಗುವವರೆಗೂ ದಾಕ್ಷಾಯಿಣಿ ಸೀರೆಯ ಪರದೆ ಹಿಡಿದುಕೊಂಡು ನಿಂತಿದ್ದು, ಆಮೇಲೆ ಅಡುಗೆಗೆ ಹೊತ್ತಾಯಿತು, ನೀವೂ ಊಟ ಮಾಡಿಕೊಂಡೇ ಹೋಗಬೇಕು ಅಣ್ಣಾ ಎಂದು ಒಳಗೆ ಹೋದಳು.

ಸಿದ್ದಮ್ಮ ಸೂಜಿಯ ಹೊತ್ತಾಯಿತೆಂದು ಹಗ್ಗ ಬಿಚ್ಚಿ ಬಾಟಲಿ ತೆಗೆದುಕೊಂಡರು. ಬಾಗಿಲು ಟಪ್ ಎಂದು ಹಾಕಿಕೊಂಡಿತು. ಮತ್ತೆ ಹಗ್ಗ ಸುತ್ತಲು ಹೋದರು, ಗಂಟು ಬೀಳಲಿಲ್ಲ. ನಾನು ಹತ್ತಿರ ಹೋಗಿ ಹಗ್ಗದ ತುದಿಗಳನ್ನು ಅವರ ಕೈಯಿಂದ ತೆಗೆದುಕೊಂಡೆ.

"ಸದ್ದು ಬರ್ತಿದೆ ಅಂದ್ರಲ್ಲ ಅವ್ವಾ, ಏನೂ ಸದ್ದಿಲ್ಲ ಇದರಲ್ಲಿ," ಎಂದೆ ಮೆಲ್ಲಗೆ.

"ಇಲ್ಲ," ಎಂದರು. "ಅವಳಣ್ಣ ಬರ್ತಾನೆ ಅಂತ ಕಾಗದ ಬಂದಿತ್ತು. ಅವನು ಕೇಳೇ ಕೇಳ್ತಾನೆ ಅಂತ ಗೊತ್ತಿತ್ತು. ನನ್ನ ಬಾಯಲ್ಲಂತೂ ಬರಲ್ಲ, ನೀನಾದ್ರೂ ಹೇಳ್ತೀಯ ಅಂತ ಕರೆಸಿದೆ ಕಣಪ್ಪ."

ಅಡುಗೆಮನೆಯಲ್ಲಿ ದಾಕ್ಷಾಯಿಣಿ ಅಕ್ಕಿ ತೊಳೆಯುತ್ತಿದ್ದಳು. ಅತ್ತೆಗೆ, ತನಗೆ, ನನಗೆ, ಜೊತೆಗೆ ದಿನವೂ ಹಾಕುವಂತೆ ಇನ್ನೊಬ್ಬರಿಗೆ. ನಾನು ಗಂಟು ಬಿಗಿದೆ.